ಖೋಲಿಯ ಕರೆಂಟು ಮತ್ತು ಮೂರನೆಯ ತಂತಿ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಪಗಾರದ ಮಾತಿಲ್ಲ, ಬೋನಸ್ಸಿನ ಮಾತಿಲ್ಲ, ಕರೆಂಟಿನ ಮಾತು. ಕಾರ್ಯದರ್ಶಿಗಳು ಈ ವಿಷಯವನ್ನು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನಮಗೆ ಕೇಳಿಸಿತು. ನಗುವುದು ನ್ಯಾಯವೇ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಬಸ್ಸು ಹತ್ತಿ ಬಂದು, ಲೋಟ ತೊಳೆದು, ಟೇಬಲ್ಲು ಒರಸಿ, ದೋಸೆ ಕಾವಲಿಯ ಮುಂದೆ ನಿಂತು ದೊಡ್ಡವರಾದವರು ನಾವು. ವಾಯರ್‌ಮನ್ನನ ವಿದ್ಯೆ ನಮಗೆ ಬರುವುದಿಲ್ಲ. ಆದರೆ ವಾಯರ್‌ಮನ್ ಕೆಲಸ ಮಾಡುವಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದಿದೆ. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇವೆ.

ಹತ್ತು ಹನ್ನೆರಡು ವರ್ಷದ ಕೆಳಗೆ ನಾವು ಉಪನಗರದ ಒಂದು ಹೋಟೆಲಿನಲ್ಲಿದ್ದೆವು. ಹೆಸರು ಬೇಡ. ಹದಿನಾಲ್ಕು ಮಂದಿ ಕೆಲಸದವರು; ಹಗಲು ಕೆಳಗೆ ದುಡಿತ, ರಾತ್ರಿ ಮಾಳಿಗೆಯ ಮೇಲೆ ನಿದ್ರೆ. ಹಿಟ್ಟು ರುಬ್ಬುವ ಗ್ರೈಂಡರು ಮೋರಿಯ ಪಕ್ಕದಲ್ಲೇ ಇತ್ತು. ಮಳೆಗಾಲ. ಒಂದು ವಾರದಿಂದ ಆ ಗ್ರೈಂಡರಿನ ಮೈ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಗಲ್ಲೆಗೆ ಹೋಗಿ ಹೇಳಿದೆವು. ಮರುದಿನ ಪ್ಲಗ್ಗೂ ಸುಟ್ಟಿತು. ಧಣಿಗಳು ನಾಕಾದಲ್ಲಿ ಬಲ್ಬು ಮಾರುವ ಅಂಗಡಿಯಿಂದ ಒಬ್ಬ ಹುಡುಗನನ್ನು ಕರೆಸಿದರು. ಸುಟ್ಟದ್ದು ಮೂರು ಕಡ್ಡಿಯ ಪ್ಲಗ್ಗು. ಅವನ ಚೀಲದಲ್ಲಿದ್ದದ್ದು ಎರಡು ಕಡ್ಡಿಯದು. ಕೆಂಪು ತಂತಿ, ಕಪ್ಪು ತಂತಿ ಎರಡನ್ನೂ ಅದಕ್ಕೆ ಸಿಕ್ಕಿಸಿದ. ಉಳಿದ ಹಸಿರು ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ಕಚ್ಚಿ ಮೋರಿಗೆ ಎಸೆದ. "ಇದಕ್ಕೆ ಕೆಲಸವಿಲ್ಲ" ಎಂದು ಹಿಂದಿಯಲ್ಲಿ ಹೇಳಿದ. ಹತ್ತು ನಿಮಿಷದ ಕೆಲಸ. ಗ್ರೈಂಡರು ತಿರುಗಿತು. ಕೈಯಲ್ಲಿ ರುಬ್ಬುವುದು ತಪ್ಪಿತಲ್ಲ ಎಂದು ನಾವೂ ಸಂತೋಷಪಟ್ಟೆವು. ಜುಮ್ ಎನ್ನುವುದು ನಿಲ್ಲಲಿಲ್ಲ; ಚಪ್ಪಲಿ ಹಾಕಿಕೊಂಡು ರುಬ್ಬಿದೆವು.

ಒಂಬತ್ತನೆಯ ದಿನ ಬೆಳಗಿನ ಜಾವ ನಾಲ್ಕೂವರೆ. ಬೈಂದೂರು ಕಡೆಯ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ, ಊರಿನಿಂದ ಬಂದು ಮೂರು ತಿಂಗಳಾಗಿತ್ತು. ಚಪ್ಪಲಿ ಹರಿದಿತ್ತು, ಬರಿಗಾಲು. ಒಂದು ಕೈ ನೀರಿನ ನಲ್ಲಿಯ ಮೇಲೆ, ಇನ್ನೊಂದು ಕೈ ಗ್ರೈಂಡರಿನ ಮೇಲೆ. ಕೈ ಬಿಡಿಸಿಕೊಳ್ಳಲು ಅವನಿಂದಾಗಲಿಲ್ಲ. ಭಟ್ಟರು ಓಡಿ ಹೋಗಿ ಅವನ ಹೆಗಲು ಹಿಡಿದರು. ಅವರೂ ಎರಡು ಮಾರು ದೂರ ಬಿದ್ದರು. ಮೇನ್ ಸ್ವಿಚ್ಚು ಅಕ್ಕಿ ಮೂಟೆಗಳ ಹಿಂದೆ. ಮೂಟೆ ಎಳೆದು ಸ್ವಿಚ್ಚು ಬೀಳಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಊರಿಗೆ ಫೋನು ಮಾಡಿದವರು ನಾವೇ. ಆ ತಾಯಿ ಅಳುವ ಮೊದಲು ಒಂದು ಮಾತು ಕೇಳಿದರು: "ಹಿಟ್ಟು ರುಬ್ಬುವ ಮಿಷನ್ನಿನಿಂದ ಜೀವ ಹೋಗುತ್ತದೆಯೆ ಮಗಾ?" ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ, ಪುಸ್ತಕ ನೋಡಿ, ಪರವಾನಗಿಯ ವಾಯರ್‌ಮನ್ನರ ಹಿಂದೆ ಚೀಲ ಹೊತ್ತು ತಿರುಗಿ ತಿಳಿದುಕೊಂಡದ್ದನ್ನು ಈಗ ಹೇಳುತ್ತೇವೆ.

ಮನೆಗೆ ಬರುವ ಕರೆಂಟು 230 ವೋಲ್ಟಿನದು. ಒಂದು ತಂತಿ ಅದನ್ನು ತರುತ್ತದೆ, ಅದು ಫೇಸು. ಇನ್ನೊಂದು ಅದನ್ನು ತಿರುಗಿ ಒಯ್ಯುತ್ತದೆ, ಅದು ನ್ಯೂಟ್ರಲ್. ಇವೆರಡಿದ್ದರೆ ದೀಪ ಉರಿಯುತ್ತದೆ, ಯಂತ್ರ ತಿರುಗುತ್ತದೆ. ಹಾಗಾದರೆ ಮೂರನೆಯ ಹಸಿರು ತಂತಿ ಏಕೆ? ನಮ್ಮ ಅಡುಗೆಮನೆಯನ್ನೇ ನೋಡಿ. ನಲ್ಲಿಯ ನೀರು ಪಾತ್ರೆಗೆ ಬರುತ್ತದೆ, ಪಾತ್ರೆಯಿಂದ ಹೋಗುತ್ತದೆ. ಆದರೂ ನೆಲದಲ್ಲಿ ಮೋರಿ ಇಟ್ಟಿರುತ್ತಾರೆ. ಚೆಲ್ಲಿದ ನೀರು ನಮ್ಮ ಕಾಲಡಿಯಲ್ಲಿ ನಿಲ್ಲದೆ ಹರಿದು ಹೋಗಲೆಂದು. ಯಂತ್ರದೊಳಗೆ ತಂತಿಯ ಹೊದಿಕೆ ಸವೆದು ಫೇಸು ಕಬ್ಬಿಣದ ಮೈಗೆ ತಾಗಿದರೆ ಆ ಚೆಲ್ಲಿದ ಕರೆಂಟು ಹರಿದು ಹೋಗುವ ಮೋರಿಯೇ ಹಸಿರು ತಂತಿ, ಎಂದರೆ ಅರ್ಥಿಂಗ್. ಅದು ಸರಿಯಿದ್ದರೆ ಕರೆಂಟು ಜೋರಾಗಿ ಅದರಲ್ಲೇ ನುಗ್ಗಿ ಫ್ಯೂಸನ್ನು ಸುಡುತ್ತದೆ, ಯಂತ್ರ ನಿಲ್ಲುತ್ತದೆ. ಅದನ್ನು ಕತ್ತರಿಸಿದರೆ ಯಂತ್ರ ನಿಲ್ಲುವುದಿಲ್ಲ, ಚೆನ್ನಾಗಿಯೇ ತಿರುಗುತ್ತದೆ. ಮುಟ್ಟಿದವನ ಮೈಯೇ ಮೋರಿಯಾಗುತ್ತದೆ. "ಇದಕ್ಕೆ ಕೆಲಸವಿಲ್ಲ" ಎಂದವನು ಸುಳ್ಳು ಹೇಳಲಿಲ್ಲ. ಎಲ್ಲ ಸರಿಯಿರುವ ದಿನ ಅದಕ್ಕೆ ಕೆಲಸವಿಲ್ಲ.

ನಮ್ಮ ಜನ ಇರುವ ಹಳೆಯ ಚಾಳುಗಳಲ್ಲಿ ಈ ಮೂರನೆಯ ತಂತಿಯೇ ಇಲ್ಲದ ಖೋಲಿಗಳಿವೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಚಾಳುಗಳು ಉಳಿದವು, ಅವುಗಳ ವಾಯರಿಂಗೂ ಉಳಿಯಿತು. ಮರದ ಪಟ್ಟಿಯ ಮೇಲೆ ಎರಡೇ ತಂತಿ, ಎರಡು ತೂತಿನ ಸಾಕೆಟ್ಟು. ಒಂದು ಬಲ್ಬು, ಒಂದು ರೇಡಿಯೋ ಇದ್ದ ಕಾಲಕ್ಕೆ ಅದು ಸಾಕಿತ್ತು. ಇಂದು ಅದೇ ತಂತಿಯ ಮೇಲೆ ಫ್ರಿಜ್ಜು, ಮಿಕ್ಸರು, ಇಸ್ತ್ರಿ, ನೀರು ಕಾಯಿಸುವ ರಾಡು, ಇಂಡಕ್ಷನ್ ಒಲೆ!

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಲ್ಲೆಯ ಲೆಕ್ಕಕ್ಕಿಂತ ಇದು ಸುಲಭ. ವಸ್ತುವಿನ ಮೇಲೆ ಬರೆದ ವಾಟನ್ನು 230ರಿಂದ ಭಾಗಿಸಿದರೆ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಸಿಗುತ್ತದೆ. 1000 ವಾಟಿನ ಇಸ್ತ್ರಿ ಪೆಟ್ಟಿಗೆ ನಾಲ್ಕೂ ಚಿಲ್ಲರೆ. 1500 ವಾಟಿನ ರಾಡು ಆರೂವರೆ. 2000 ವಾಟಿನ ಇಂಡಕ್ಷನ್ ಎಂಟು ಮುಕ್ಕಾಲಿನ ಹತ್ತಿರ. ಸಣ್ಣ ಸಾಕೆಟ್ಟಿನ ಶಕ್ತಿ 6 ಆಂಪಿಯರ್, ದೊಡ್ಡದರದ್ದು 16. ಅಂದಮೇಲೆ ರಾಡನ್ನು ಸಣ್ಣ ಸಾಕೆಟ್ಟಿಗೆ ಹಾಕುವಂತಿಲ್ಲ. ಮೊಬೈಲಿಗೆಂದು ತಂದ ಎಕ್ಸ್‌ಟೆನ್ಶನ್ ಬೋರ್ಡಿಗಂತೂ ಕೂಡದೇ ಕೂಡದು. ಮಾಳಿಗೆಯಲ್ಲಿ ಮಲಗುವ ಹುಡುಗರು ಆರು ಮೊಬೈಲನ್ನು ಒಟ್ಟಿಗೆ ಹಾಕುತ್ತಾರೆಂದು ಧಣಿಗಳು ಗದರಿಸುವುದನ್ನು ಕೇಳಿದ್ದೇವೆ. ಆರಲ್ಲ, ಹನ್ನೆರಡು ಸೇರಿದರೂ ಒಂದು ಇಸ್ತ್ರಿ ಪೆಟ್ಟಿಗೆಯಷ್ಟಾಗುವುದಿಲ್ಲ. ಗದರಿಸುವುದಾದರೆ ರಾಡಿಗೆ ಗದರಿಸಲಿ. ಬಕೆಟ್ಟಿನಲ್ಲಿ ರಾಡು ಇರುವಾಗಲೇ ನೀರು ಕಾದಿದೆಯೇ ಎಂದು ಬೆರಳು ಅದ್ದುವವರು ಈ ಸಭೆಯಲ್ಲೂ ಇದ್ದಾರೆ; ಕೈ ಎತ್ತಬೇಡಿ, ಇನ್ನು ಮುಂದೆ ಪ್ಲಗ್ಗು ಕಿತ್ತು ಆಮೇಲೆ ಅದ್ದಿ.

ಇನ್ನು, ಕೈಯಾರೆ ಏನು ಮಾಡಿಕೊಳ್ಳಬಹುದು, ಏನು ಕೂಡದು ಎಂಬ ಪ್ರಶ್ನೆ. ಇದಕ್ಕೆ ಕಾನೂನಿನಲ್ಲೇ ಗೆರೆ ಇದೆ. 1956ರ ವಿದ್ಯುತ್ ನಿಯಮಗಳಲ್ಲಿ 45ನೆಯದು ಹೇಳಿದ್ದು ಇಷ್ಟು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಯ ಸಣ್ಣ ಸಾಮಾನು ಇವನ್ನು ಇದ್ದ ಜಾಗದಲ್ಲಿ ಇದ್ದ ಹಾಗೆಯೇ ಬದಲಿಸಬಹುದು. ಅದನ್ನು ಬಿಟ್ಟು ವಾಯರಿಂಗಿಗೆ ಹೊಸದು ಸೇರಿಸುವುದು, ಇದ್ದದ್ದನ್ನು ಮಾರ್ಪಡಿಸುವುದು, ರಿಪೇರಿ ಮಾಡುವುದು ಸರಕಾರದ ಪರವಾನಗಿ ಪಡೆದ ಕಂತ್ರಾಟುದಾರನಿಂದಲೇ ಆಗಬೇಕು. ಆ ನಿಯಮಗಳ ಜಾಗದಲ್ಲಿ 2010ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಹೊಸ ನಿಯಮಗಳು ಬಂದವು. ಈ ಗೆರೆ ಮಾತ್ರ ಹಾಗೆಯೇ ಉಳಿದಿದೆ. ನಮಗೂ ಈ ಗೆರೆ ಒಪ್ಪಿಗೆ. ಬಲ್ಬಿಗೆಲ್ಲ ವಾಯರ್‌ಮನ್ನನನ್ನು ಕರೆಯಲು ನಮ್ಮ ಹತ್ತಿರ ದುಡ್ಡೂ ಇಲ್ಲ, ಬರಲು ಅವನಿಗೆ ಪುರಸೊತ್ತೂ ಇಲ್ಲ.

ಆದರೆ ಬಲ್ಬು ಬದಲಿಸುವುದಕ್ಕೂ ಕ್ರಮವಿದೆ. ಅದರ ಸ್ವಿಚ್ಚು ಆರಿಸಿದರೆ ಸಾಲದು, ಮೇನನ್ನು ಆರಿಸಬೇಕು. ಅರೆಬರೆ ಕಲಿತವರು ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುತ್ತಾರೆ. ಆಗ ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಎಲ್‌ಇಡಿ ದೀಪ ಮಿಣುಕುತ್ತಿದ್ದರೆ ಕೆಲವೊಮ್ಮೆ ಕಾರಣ ಇದೇ. ಟೆಸ್ಟರು ಒಂದು ಮನೆಯಲ್ಲಿರಲಿ, ಹೆಚ್ಚು ಬೆಲೆಯದಲ್ಲ. ಮೊದಲು ಕರೆಂಟು ಇರುವ ಜಾಗಕ್ಕೆ ಹಿಡಿದು ಅದು ಉರಿಯುತ್ತದೆಯೇ ನೋಡಿ, ಆಮೇಲೆ ಬೇಕಾದ ಜಾಗಕ್ಕೆ ಹಿಡಿಯಿರಿ. ಕೆಟ್ಟ ಟೆಸ್ಟರು "ಕರೆಂಟಿಲ್ಲ" ಎಂದು ಸುಳ್ಳು ಹೇಳುತ್ತದೆ.

ಖೋಲಿ ಕತ್ತಲಾದರೆ ಮೊದಲು ಪಕ್ಕದವರ ಖೋಲಿ ನೋಡಿ. ಅಲ್ಲಿಯೂ ಇಲ್ಲವಾದರೆ ಬಿಲ್ಲಿನ ಮೇಲೆ ದೂರಿನ ನಂಬರು ಅಚ್ಚಾಗಿರುತ್ತದೆ, ಅದಕ್ಕೆ ಫೋನು ಮಾಡಿ. ಮೀಟರು ಮತ್ತು ಅದರ ಹಿಂದಿನದೆಲ್ಲ ಕಂಪನಿಯ ಸೊತ್ತು. ಅದರ ಸೀಲು ಮುಟ್ಟುವವನು ವಾಯರ್‌ಮನ್ನನೇ ಆದರೂ ತಡೆಯಿರಿ, ಪೊಲೀಸು ಬಂದರೆ ಸಿಕ್ಕಿಬೀಳುವವರು ನೀವು. ನಿಮ್ಮಲ್ಲಿ ಮಾತ್ರ ಕತ್ತಲಾದರೆ ಎಂಸಿಬಿ ಬಿದ್ದಿರುತ್ತದೆ. ಎಲ್ಲ ಪ್ಲಗ್ಗು ಕಿತ್ತು ಎಂಸಿಬಿ ಎತ್ತಿ. ನಿಂತರೆ ಒಂದೊಂದಾಗಿ ಪ್ಲಗ್ಗು ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಬಿತ್ತೋ ಅದೇ ಕಳ್ಳ. ಎಲ್ಲ ಕಿತ್ತರೂ ನಿಲ್ಲದಿದ್ದರೆ ದೋಷ ಗೋಡೆಯೊಳಗಿನದು, ಮತ್ತೆ ಮತ್ತೆ ಎತ್ತಬೇಡಿ.

"ಬೀಳುತ್ತಲೇ ಇರುತ್ತದೆ ಅಣ್ಣಾ, ದೊಡ್ಡದು ಹಾಕಿಬಿಡು" ಎಂದು ನಾವೇ ವಾಯರ್‌ಮನ್ನನಿಗೆ ಹೇಳುವುದುಂಟು. ಅವನೂ 16ರ ಜಾಗದಲ್ಲಿ 32 ಹಾಕಿ ಹೋಗುತ್ತಾನೆ. ಹಳೆಯ ಪಿಂಗಾಣಿ ಫ್ಯೂಸಾದರೆ ದಪ್ಪ ತಾಮ್ರದ ತಂತಿ ಸುತ್ತುತ್ತಾನೆ. ಎಲ್ಲ ರಿಪೇರಿಗಳಲ್ಲಿ ಅತಿ ಕೆಟ್ಟದ್ದು ಇದು. ಎಂಸಿಬಿ ಇರುವುದು ತಂತಿಯನ್ನು ಕಾಯಲು. ದೀಪಕ್ಕೆಂದು ಎಳೆದ ಒಂದೂವರೆ ಚದರ ಮಿಲಿಮೀಟರಿನ ತಂತಿ 32 ಆಂಪಿಯರ್ ಹೊರಲಾರದು. ಎಂಸಿಬಿ ಬೀಳುವುದಿಲ್ಲ, ಗೋಡೆಯೊಳಗೆ ತಂತಿ ಕಾದು ಹೊದಿಕೆ ಕರಗುತ್ತದೆ, ರಾತ್ರಿ ಮಲಗಿದಾಗ ಹೊಗೆ ಬರುತ್ತದೆ. ಮಾಳಿಗೆಯ ಮೇಲೆ ಮಲಗಿದವನಿಗೆ ಏಣಿಯೊಂದೇ ದಾರಿ ಎಂಬುದು ನಿಮಗೆ ಗೊತ್ತು.

ಸಾಕೆಟ್ಟು ಬಿಸಿಯಾದರೆ, ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂದರೆ, ಒಳಗೆ ಚಿಟಿಚಿಟಿ ಎಂದರೆ ತಂತಿಯ ತಿರುಪು ಸಡಿಲಾಗಿದೆ. ಅದನ್ನು ಆರಿಸಿ ಬಿಡಿ, ಅಂದೇ ವಾಯರ್‌ಮನ್ನನನ್ನು ಕರೆಯಿರಿ. ಫ್ಯಾನು ಗುಂಯ್ ಎಂದು ಕುಳಿತಿದ್ದು, ಕೋಲಿನಿಂದ ತಳ್ಳಿದರೆ ತಿರುಗುತ್ತದೆಯೆ? ಕೆಪ್ಯಾಸಿಟರು ಹೋಗಿದೆ, ಸಾಮಾನ್ಯ ಸೀಲಿಂಗ್ ಫ್ಯಾನಿಗೆ ಎರಡೂವರೆ ಮೈಕ್ರೋಫ್ಯಾರಡ್ಡಿನದು, ಸಣ್ಣ ಖರ್ಚು. ಇದಕ್ಕಾಗಿ ಹೊಸ ಫ್ಯಾನು ಕೊಳ್ಳಿ ಎನ್ನುವವನನ್ನು ನಂಬಬೇಡಿ.

ಒಂದು ಲಕ್ಷಣವನ್ನು ಮಾತ್ರ ಎಲ್ಲರೂ ನೆನಪಿಡಬೇಕು. ಇದ್ದಕ್ಕಿದ್ದಂತೆ ಒಂದು ಖೋಲಿಯ ದೀಪ ಕಣ್ಣು ಕುಕ್ಕುವಂತೆ ಉರಿದು ಪಕ್ಕದ ಖೋಲಿಯದು ಮಿಣಮಿಣ ಎಂದರೆ ಕಟ್ಟಡಕ್ಕೆ ಬರುವ ನ್ಯೂಟ್ರಲ್ ಕಡಿದಿದೆ. 230ರ ಜಾಗದಲ್ಲಿ 400ರ ಹತ್ತಿರಕ್ಕೂ ವೋಲ್ಟು ಏರಬಹುದು. ಟಿವಿ, ಫ್ರಿಜ್ಜು ಒಂದೇ ಏಟಿಗೆ ಸುಡುತ್ತವೆ. ಯೋಚಿಸದೆ ಮೇನ್ ಆರಿಸಿ, ಪಡಸಾಲೆಯಲ್ಲಿ ಕೂಗಿ ಎಲ್ಲರಿಂದಲೂ ಆರಿಸಿ, ಕಂಪನಿಗೆ ಫೋನು ಮಾಡಿ. ನಲ್ಲಿ ಮುಟ್ಟಿದರೆ ಜುಮ್ ಎನ್ನುವುದೂ ಇಂಥದೇ ತುರ್ತು. ಯಾರೋ ತಮ್ಮ ಅರ್ಥಿಂಗನ್ನು ನೀರಿನ ಕೊಳಾಯಿಗೆ ಕಟ್ಟಿರುತ್ತಾರೆ. ಅವರ ಮನೆಯ ದೋಷ ಮಾಳಿಗೆಯಿಂದ ಮಾಳಿಗೆಗೆ ನೀರಿನ ಜೊತೆ ಇಳಿಯುತ್ತದೆ.

ಇನ್ನು ವಾಯರ್‌ಮನ್ನನನ್ನು ಹಿಡಿಯುವ ಮಾತು. ಮಹಾರಾಷ್ಟ್ರದಲ್ಲಿ ಸರಕಾರ ವಾಯರ್‌ಮನ್ನರಿಗೆ ಪರವಾನಗಿ ಕೊಡುತ್ತದೆ. ಮರಾಠಿಯಲ್ಲಿ ತಾರತಂತ್ರಿ ಪರವಾನಾ ಎನ್ನುತ್ತಾರೆ. "ಭಾಯ್, ಪರವಾನಾ ಇದೆಯೆ?" ಎಂದು ಕೇಳಲು ನಮಗೆ ಸಂಕೋಚ. ನಮ್ಮ ಹಿಂದಿ ಮರಾಠಿ ಅಷ್ಟಕ್ಕಷ್ಟೆ. ಅವನು ಏಣಿಯ ಮೇಲೆ, ನಾವು ಕೆಳಗೆ. ಆದರೆ ನಿಜವಾದ ಪರವಾನಗಿ ಇದ್ದವನು ಈ ಪ್ರಶ್ನೆಗೆ ಸಿಟ್ಟಾದದ್ದನ್ನು ನಾವು ಇದುವರೆಗೆ ನೋಡಿಲ್ಲ. ಜೇಬಿನಿಂದ ತೆಗೆದು ತೋರಿಸುತ್ತಾನೆ. ಸಿಟ್ಟಾದವನನ್ನು ಚಹಾ ಕೊಟ್ಟು ಕಳುಹಿಸಿಬಿಡಿ.

ಬಂದು ನೋಡುವುದಕ್ಕೆ ಎಷ್ಟು, ಕೆಲಸಕ್ಕೆ ಎಷ್ಟು, ಸಾಮಾನು ಯಾರು ತರಬೇಕು, ಇವನ್ನು ಏಣಿ ಹತ್ತುವ ಮೊದಲೇ ಮಾತಾಡಿ. ಸಾಮಾನು ನಾವೇ ತರುವುದು ಒಳ್ಳೆಯದು; ಐಎಸ್‌ಐ ಗುರುತು ನೋಡಿ, ಬಿಲ್ಲು ಕೇಳಿ. ದೀಪಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ, ದೊಡ್ಡ ಸಾಕೆಟ್ಟಿಗೆ ಎರಡೂವರೆಯದು, ಗೀಸರು ಏಸಿಗೆ ನಾಲ್ಕರದು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದೋಷ ಹೇಳುವಾಗ "ಕರೆಂಟು ಕೆಟ್ಟಿದೆ" ಎನ್ನಬೇಡಿ. ಯಾವಾಗ ಶುರುವಾಯಿತು, ಯಾವುದನ್ನು ಹಾಕಿದಾಗ ಆಗುತ್ತದೆ, ವಾಸನೆ ಬಂತೆ, ಮಳೆ ಬಂದಾಗ ಹೆಚ್ಚೆ ಎಂದು ಹೇಳಿ. ವೈದ್ಯನಿಗೆ ಹೊಟ್ಟೆನೋವು ಹೇಳುವಷ್ಟು ವಿವರವಾಗಿ ಹೇಳಿದರೆ ಅವನ ಅರ್ಧ ಗಂಟೆ ಉಳಿಯುತ್ತದೆ, ನಮ್ಮ ದುಡ್ಡೂ ಉಳಿಯುತ್ತದೆ.

ಆಮೇಲೆ ಪಕ್ಕದಲ್ಲಿ ನಿಂತು ನೋಡಿ. ಮೇನ್ ಆರಿಸಿದನೆ? ಮುಟ್ಟುವ ಮೊದಲು ಟೆಸ್ಟರು ಹಿಡಿದನೆ? ಗೋಡೆಯೊಳಗೆ ತಂತಿಯನ್ನು ಬರೇ ತಿರುಚಿ ಟೇಪು ಸುತ್ತಿ ಮುಚ್ಚಿದನೆ? ಹಸಿರು ತಂತಿಯನ್ನು ಬಿಟ್ಟನೆ? ಹೋಗುವ ಮೊದಲು ಒಂದು ಪರೀಕ್ಷೆ ಅವನ ಕೈಯಿಂದಲೇ ಮಾಡಿಸಿ: ಹಳೆಯ 60 ವಾಟಿನ ಬಲ್ಬನ್ನು ಫೇಸಿಗೂ ನ್ಯೂಟ್ರಲ್ಲಿಗೂ ಹಚ್ಚಿ ತೋರಿಸಲಿ, ಆಮೇಲೆ ಅದನ್ನೇ ಫೇಸಿಗೂ ಅರ್ಥಿಗೂ ಹಚ್ಚಲಿ. ಎರಡು ಸಲವೂ ಒಂದೇ ಸಮ ಉರಿಯಬೇಕು. ಎರಡನೆಯ ಸಲ ಮಂಕಾದರೆ ಅಥವಾ ಉರಿಯದಿದ್ದರೆ ಅರ್ಥಿಂಗ್ ಹೆಸರಿಗೆ ಮಾತ್ರ.

ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಎರಡನೆಯ ಸಲ ಬಲ್ಬು ಉರಿಯುವುದಿಲ್ಲ, ಆರ್‌ಸಿಸಿಬಿ ಬೀಳುತ್ತದೆ. ಬೀಳಬೇಕು. ಈ ಆರ್‌ಸಿಸಿಬಿ ಎಂಬುದು ಒಳ್ಳೆಯ ಗಲ್ಲೆಯವನಿದ್ದ ಹಾಗೆ. ಫೇಸಿನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್ಲಿನಲ್ಲಿ ಎಷ್ಟು ಮರಳಿತು ಎಂದು ಎಣಿಸುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನಷ್ಟು ಲೆಕ್ಕ ತಪ್ಪಿದರೆ, ಎಂದರೆ ಆ 60 ವಾಟಿನ ಬಲ್ಬು ಎಳೆಯುವುದರ ಸುಮಾರು ಒಂಬತ್ತರಲ್ಲೊಂದು ಪಾಲು ಬೇರೆಲ್ಲೋ ಸೋರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಹಾಕುತ್ತದೆ. ಎಂಸಿಬಿ ತಂತಿಯನ್ನು ಕಾದರೆ ಇದು ಮನುಷ್ಯನನ್ನು ಕಾಯುತ್ತದೆ. ಫೇಸು ನ್ಯೂಟ್ರಲ್ ಎರಡನ್ನೂ ಎರಡು ಕೈಯಲ್ಲಿ ಹಿಡಿದವನನ್ನು ಮಾತ್ರ ಇದೂ ಕಾಯಲಾರದು, ಅದೂ ತಿಳಿದಿರಲಿ. ತಿಂಗಳಿಗೊಮ್ಮೆ ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿ ಬೀಳುತ್ತದೆಯೇ ನೋಡಬೇಕು. ಬಾಡಿಗೆ ಖೋಲಿಗೆ ನಾವೇಕೆ ದುಡ್ಡು ಹಾಕಬೇಕು ಎಂದು ಕೇಳುವವರಿದ್ದಾರೆ. ಮಾಲೀಕ ಹಾಕಬೇಕಾದದ್ದು ಸರಿ. ಅವನನ್ನು ಕೇಳುವುದು ಬಿಡಬಾರದು. ಆದರೆ ಅವನು ಕೊಡುವ ತನಕ ಮಕ್ಕಳು ಅದೇ ನಲ್ಲಿಯಲ್ಲಿ ಕೈ ತೊಳೆಯುತ್ತಾರೆ. ಆರು ಮಂದಿ ಇರುವ ಖೋಲಿಯಲ್ಲಿ ಆರು ಪಾಲು ಮಾಡಿದರೆ ತಲೆಗೆ ಬರುವುದು ದೊಡ್ಡ ಮೊತ್ತವಲ್ಲ.

ಯಾರಾದರೂ ಕರೆಂಟಿಗೆ ಅಂಟಿಕೊಂಡರೆ ಭಟ್ಟರ ಹಾಗೆ ಕೈ ಹಾಕಬೇಡಿ. ಅವರ ಧೈರ್ಯಕ್ಕೆ ನಾವು ಇಂದಿಗೂ ತಲೆಬಾಗುತ್ತೇವೆ, ಆದರೆ ಮೇನ್ ಆರಿಸುವುದು ಮೊದಲು. ಆಗದಿದ್ದರೆ ಒಣಗಿದ ಮರದ ಮಣೆಯ ಮೇಲೆ ನಿಂತು ಒಣಗಿದ ಕೋಲಿನಿಂದ ಅವನನ್ನು ದೂಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಇದು ನಮಗೆ ಅಂದು ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿರಲಿಲ್ಲ: 2003ರ ವಿದ್ಯುತ್ ಕಾಯಿದೆಯ 161ನೆಯ ಕಲಮಿನಂತೆ ಕರೆಂಟಿನಿಂದ ಜೀವಹಾನಿಯಾದರೆ ಯಾರ ತಂತಿ, ಯಾರ ಯಂತ್ರವೋ ಅವರು ಸರಕಾರದ ಇಲೆಕ್ಟ್ರಿಕಲ್ ಇನ್ಸ್‌ಪೆಕ್ಟರಿಗೆ ತಿಳಿಸಲೇಬೇಕು. ಕೆಲಸದಲ್ಲಿ ಸತ್ತವನ ಮನೆಯವರು ಪರಿಹಾರ ಕೇಳುವ ಹಕ್ಕು 1923ರಿಂದಲೂ ಇದೆ. ಅಂದು ಅಂಥ ವರದಿ ಹೋಗಲಿಲ್ಲ. "ಎದೆ ನಿಂತಿತು" ಎಂದರು, ನಾವು ಹೂಂ ಎಂದೆವು. ಊರಿಗೆ ಹೆಣ ಸಾಗಿಸಿದ ಗಾಡಿಯ ಬಾಡಿಗೆಯನ್ನು ಕೆಲಸದವರೇ ಕೂಡಿಸಿ ಕೊಟ್ಟರು.

ಕಾರ್ಯಕಾರಿ ಸಮಿತಿ ಒಪ್ಪಿರುವ ಏರ್ಪಾಡನ್ನು ಹೇಳಿ ಮುಗಿಸುತ್ತೇವೆ. ಪರವಾನಗಿಯಿರುವ ಇಬ್ಬರು ವಾಯರ್‌ಮನ್ನರು, ಅವರಲ್ಲೊಬ್ಬರು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರ ಮಗ, ಭಾನುವಾರ ಮಧ್ಯಾಹ್ನ ಸಂಘದ ಖೋಲಿಯಲ್ಲಿ ಕುಳಿತಿರುತ್ತಾರೆ. ಅವರ ಕೂಲಿಯ ಪಟ್ಟಿ ಗೋಡೆಗೆ ಹಚ್ಚಿದೆ. ಬಾಗಿಲ ಬಳಿ ಒಂದು ನೋಟುಬುಕ್ಕು ಇಟ್ಟಿದೆ. ಖೋಲಿ ನೋಡಿಸಬೇಕೆನ್ನುವವರು ಅದರಲ್ಲಿ ಬರೆಯಿರಿ, ಮನೆಯಲ್ಲಿರುವ ಅಕ್ಕತಂಗಿಯರು ಗಂಡಸರಿಗಾಗಿ ಕಾಯುವುದು ಬೇಡ, ತಾವೇ ಬಂದು ಬರೆಸಿ. ಭಿವಂಡಿಯ ಪವರ್‌ಲೂಮಿನವರಿಗೆ ದೂರವಾಗುತ್ತದೆ. ಹತ್ತು ಹೆಸರು ಸೇರಿದರೆ ಅವರೇ ಅಲ್ಲಿಗೆ ಬರುತ್ತಾರೆ. ಹೋಟೆಲಿನ ಹುಡುಗರು ಮೊದಲು ಗ್ರೈಂಡರಿನ ಪ್ಲಗ್ಗನ್ನು ನೋಡಿ ಬನ್ನಿ. ಎರಡು ಕಡ್ಡಿಯಿದ್ದರೆ ಅದನ್ನು ಬರೆಯಿರಿ. ಹೋಟೆಲಿನ ಹೆಸರು ಬರೆಯಲು ಹೆದರಿಕೆಯಾದರೆ ಗಲ್ಲಿಯ ಹೆಸರು ಸಾಕು, ಧಣಿಗಳ ಹತ್ತಿರ ಮಾತಾಡಲು ನಾವೇ ಬರುತ್ತೇವೆ.